ಹೊಸ ರಾಷ್ಟ್ರೀಯ ಉದ್ಯಾನ ಮತ್ತು ಸ್ಥಳೀಯರ ಅಭಿಪ್ರಾಯ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಪ್ರಸ್ತಾವ ಹೊರಬಿದ್ದಾಗ ಅಲ್ಲಿ ಬದುಕುತ್ತಿರುವವರು ಕೇಳುವ ಪ್ರಶ್ನೆಗಳು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಬೇರೆ ಬೇರೆ ದೇಶಗಳ ಕಾನೂನು ಮತ್ತು ಅನುಭವಗಳನ್ನು ಆಧರಿಸಿ ಅವಕ್ಕೆ ಉತ್ತರಿಸುವ ಪ್ರಯತ್ನ ಇಲ್ಲಿದೆ.

ಕಾಡು, ನದಿ, ವನ್ಯಜೀವಿ ಇಡೀ ದೇಶದ ಸಂಪತ್ತಾಗಿರುವಾಗ ಸ್ಥಳೀಯರ ಅಭಿಪ್ರಾಯವನ್ನು ವಿಶೇಷವಾಗಿ ಏಕೆ ಕೇಳಬೇಕು?

ಸಂಪತ್ತು ದೇಶದ್ದೇ ಆದರೂ ಅದನ್ನು ಕಾಯುವ ನಿರ್ಬಂಧಗಳ ಭಾರ ಬೀಳುವುದು ಅಲ್ಲಿ ವಾಸಿಸುವ ಕೆಲವೇ ಜನರ ಮೇಲೆ. ದನ ಮೇಯಿಸುವ ಜಾಗ, ಸೌದೆ, ಜೇನು, ಔಷಧಿ ಸಸ್ಯ, ಮೀನು, ಪೂಜಾಸ್ಥಳಕ್ಕೆ ಹೋಗುವ ದಾರಿ, ಸ್ಮಶಾನ ಇವೆಲ್ಲ ಒಂದು ಅಧಿಸೂಚನೆಯಿಂದ ನಿಯಮಗಳಿಗೆ ಒಳಪಡುತ್ತವೆ. ಉದ್ಯಾನವನ್ನು ವರ್ಷಕ್ಕೊಮ್ಮೆ ನೋಡಲು ಬರುವವರ ಬದುಕಿನಲ್ಲಿ ಇದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಈ ವಿಷಯದಲ್ಲಿ ಇತಿಹಾಸ ಒಳ್ಳೆಯದಾಗಿಲ್ಲ. 1872ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದಾಗ ಅದನ್ನು ಜನರಿಲ್ಲದ ನೆಲವೆಂಬಂತೆ ಬಿಂಬಿಸಲಾಯಿತು. ಆದರೆ ಶೋಶೋನಿ ಮೊದಲಾದ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಆ ನೆಲವನ್ನು ಬಳಸುತ್ತ ಬಂದಿದ್ದರು, ಮತ್ತು ಘೋಷಣೆಯ ನಂತರದ ವರ್ಷಗಳಲ್ಲಿ ಅವರನ್ನು ಅಲ್ಲಿಂದ ದೂರವಿಡಲಾಯಿತು. ಜನರಿರಬಾರದೆಂಬ ಈ ಕಲ್ಪನೆಯೇ ಮುಂದೆ ಅನೇಕ ದೇಶಗಳಿಗೆ ಮಾದರಿಯಾಯಿತು. ಅಂತರರಾಷ್ಟ್ರೀಯ ನಿಲುವು ಬದಲಾಗಲು ಬಹಳ ಕಾಲ ಹಿಡಿಯಿತು. 2003ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವ ಉದ್ಯಾನಗಳ ಸಮ್ಮೇಳನವು ಸ್ಥಳೀಯ ಸಮುದಾಯಗಳ ಹಕ್ಕುಗಳನ್ನು ಸಂರಕ್ಷಣೆಯ ಚರ್ಚೆಯ ನಡುವಿಗೆ ತಂದಿತು. ಮೂಲನಿವಾಸಿಗಳ ಹಕ್ಕುಗಳ ಕುರಿತ 2007ರ ವಿಶ್ವಸಂಸ್ಥೆಯ ಘೋಷಣೆಯು ಅವರನ್ನು ಅವರ ನೆಲದಿಂದ ಬಲವಂತವಾಗಿ ಕದಲಿಸಬಾರದೆಂದೂ, ಸ್ಥಳಾಂತರಕ್ಕೆ ಮುಂಚಿತವಾಗಿ, ಮುಕ್ತವಾಗಿ, ಸಂಪೂರ್ಣ ಮಾಹಿತಿಯೊಡನೆ ಪಡೆದ ಒಪ್ಪಿಗೆ ಬೇಕೆಂದೂ ಹೇಳಿತು. 2030ರೊಳಗೆ ಭೂಮಿಯ ನೆಲ ಮತ್ತು ಸಾಗರಗಳ ಶೇ. 30ರಷ್ಟನ್ನು ಸಂರಕ್ಷಿಸುವ ಗುರಿಯನ್ನು 2022ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ವಿಶ್ವದ ದೇಶಗಳು ಒಪ್ಪಿಕೊಂಡಾಗ ಈ ಹಕ್ಕುಗಳನ್ನು ಗೌರವಿಸಬೇಕೆಂಬ ಮಾತನ್ನು ಅದೇ ಗುರಿಯೊಳಗೆ ಸೇರಿಸಲಾಯಿತು. ಈ ಗುರಿಯ ಒತ್ತಡದಿಂದ ಮುಂದಿನ ವರ್ಷಗಳಲ್ಲಿ ಹೊಸ ಪ್ರಸ್ತಾವಗಳು ಹೆಚ್ಚಲಿರುವುದರಿಂದ, ಸ್ಥಳೀಯರನ್ನು ಹೇಗೆ ಕೇಳಬೇಕೆಂಬ ಪ್ರಶ್ನೆಯನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಬೇಕಾಗಿದೆ.

“ಸ್ಥಳೀಯರು” ಎಂದರೆ ಯಾರು?

ಗಡಿಯೊಳಗೆ ಮನೆ ಇರುವವರು ಮಾತ್ರ ಸ್ಥಳೀಯರೆಂದು ಭಾವಿಸಿದರೆ ಬಹಳಷ್ಟು ಜನ ಹೊರಗುಳಿಯುತ್ತಾರೆ. ವರ್ಷದ ಕೆಲವೇ ತಿಂಗಳು ಕುರಿ ದನಗಳೊಡನೆ ಬಂದು ಹೋಗುವ ಅಲೆಮಾರಿ ಪಶುಪಾಲಕರು, ದಾಖಲೆಯಲ್ಲಿ ಜಮೀನಿಲ್ಲದ ಕೂಲಿಕಾರರು, ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಮಹಿಳೆಯರು, ಕೆಳಹರಿವಿನಲ್ಲಿ ಅದೇ ನದಿಯ ನೀರನ್ನು ನಂಬಿರುವ ರೈತರು, ಹಿಂದೆಂದೋ ಒಕ್ಕಲೆಬ್ಬಿಸಲ್ಪಟ್ಟು ಈಗ ದೂರದಲ್ಲಿರುವ ಕುಟುಂಬಗಳು, ಇವರೆಲ್ಲರಿಗೂ ಈ ತೀರ್ಮಾನದಲ್ಲಿ ಪಾಲಿದೆ. ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ಮಾತನಾಡುವವರು ಸಾಮಾನ್ಯವಾಗಿ ಭೂಮಾಲೀಕರು ಮತ್ತು ವ್ಯಾಪಾರಸ್ಥರು. ಕಾಡಿನ ಮೇಲೆ ಅತಿ ಹೆಚ್ಚು ಅವಲಂಬಿತರಾದವರು ಸಭೆಗೆ ಬಂದರೆ ಒಂದು ದಿನದ ದುಡಿಮೆಯನ್ನೇ ಬಿಟ್ಟು ಬರಬೇಕಾಗುತ್ತದೆ. ಆದ್ದರಿಂದ ಸಭೆ ಯಾವ ಋತುವಿನಲ್ಲಿ, ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ನಡೆಯಿತು ಎಂಬುದನ್ನು ನೋಡದೆ “ಸ್ಥಳೀಯರ ಅಭಿಪ್ರಾಯ ಪಡೆಯಲಾಗಿದೆ” ಎಂಬ ಮಾತನ್ನು ಒಪ್ಪಿಕೊಳ್ಳಬಾರದು.

ರಾಷ್ಟ್ರೀಯ ಉದ್ಯಾನವಾದರೆ ನಮ್ಮ ಜಮೀನು ಹೋಗುತ್ತದೆಯೇ?

ಇದಕ್ಕೆ ಎಲ್ಲ ದೇಶಗಳಿಗೂ ಹೊಂದುವ ಒಂದೇ ಉತ್ತರವಿಲ್ಲ. ಬ್ರಿಟನ್ನಿನಲ್ಲಿ 1949ರ ಕಾಯ್ದೆಯಡಿ 1951ರಲ್ಲಿ ರಚನೆಯಾದ ಪೀಕ್ ಡಿಸ್ಟ್ರಿಕ್ಟ್ ಮೊದಲ್ಗೊಂಡು ಅಲ್ಲಿನ ರಾಷ್ಟ್ರೀಯ ಉದ್ಯಾನಗಳ ಬಹುಪಾಲು ನೆಲ ಖಾಸಗಿಯವರದ್ದಾಗಿಯೇ ಉಳಿದಿದೆ. ಊರು, ಹೊಲ, ಕುರಿಸಾಕಣೆ ಎಲ್ಲವೂ ಉದ್ಯಾನದೊಳಗೇ ಇವೆ. ಬದಲಾಗುವುದು ಮುಖ್ಯವಾಗಿ ಕಟ್ಟಡ ನಿರ್ಮಾಣ ಮತ್ತು ಭೂಬಳಕೆಯ ಪರವಾನಗಿಯ ನಿಯಮಗಳು. ಭಾರತದಲ್ಲಿ ಚಿತ್ರ ಪೂರ್ತಿ ಬೇರೆ: ಇಲ್ಲಿ ರಾಷ್ಟ್ರೀಯ ಉದ್ಯಾನವೆಂದರೆ ಕಾನೂನಿನ ಅತ್ಯಂತ ಕಠಿಣ ರಕ್ಷಣೆ ಪಡೆದ ಪ್ರದೇಶ, ಅದರೊಳಗೆ ಜಾನುವಾರು ಮೇಯಿಸುವುದಕ್ಕೂ ಅವಕಾಶವಿಲ್ಲ. ಹೀಗಾಗಿ ಬೇರೊಂದು ದೇಶದ ಉದ್ಯಾನದ ಚಿತ್ರ ತೋರಿಸಿ “ನೋಡಿ, ಅಲ್ಲಿ ರೈತರು ಸುಖವಾಗಿದ್ದಾರೆ” ಎಂದು ಭರವಸೆ ಕೊಡುವುದು ಜನರನ್ನು ದಾರಿ ತಪ್ಪಿಸುತ್ತದೆ. ಪ್ರಸ್ತಾವ ಯಾವ ಕಾಯ್ದೆಯ ಯಾವ ಸೆಕ್ಷನ್‌ ಅಡಿ ಬರುತ್ತದೆ ಎಂಬುದನ್ನೇ ಮೊದಲು ಕೇಳಬೇಕು.

ಭಾರತದ ಕಾನೂನಿನಲ್ಲಿ ಸ್ಥಳೀಯರ ಮಾತಿಗೆ ಎಲ್ಲಿ ಜಾಗವಿದೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ನಿನಂತೆ ರಾಜ್ಯ ಸರ್ಕಾರವು ಮೊದಲು ಒಂದು ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವನ್ನಾಗಿಸುವ ತನ್ನ ಉದ್ದೇಶವನ್ನು ಅಧಿಸೂಚನೆಯ ಮೂಲಕ ಪ್ರಕಟಿಸುತ್ತದೆ. ಆಮೇಲೆ ಜಿಲ್ಲಾಧಿಕಾರಿಯು ಆ ಪ್ರದೇಶದೊಳಗೆ ಮತ್ತು ಅದರ ನೆರೆಯಲ್ಲಿರುವ ಊರುಗಳಲ್ಲಿ ಪ್ರಾದೇಶಿಕ ಭಾಷೆಯಲ್ಲಿ ಪ್ರಕಟಣೆ ಹೊರಡಿಸಬೇಕು. ಪ್ರಕಟಣೆಯ ದಿನದಿಂದ ಎರಡು ತಿಂಗಳೊಳಗೆ ಹಕ್ಕುಳ್ಳವರು ತಮ್ಮ ಹಕ್ಕಿನ ಸ್ವರೂಪವನ್ನು ಬರವಣಿಗೆಯಲ್ಲಿ ಸಲ್ಲಿಸಬೇಕು. ಹಕ್ಕುಗಳ ವಿಚಾರಣೆ ಮುಗಿದ ಬಳಿಕವೇ ಅಂತಿಮ ಅಧಿಸೂಚನೆ ಬರುತ್ತದೆ. ವನ್ಯಜೀವಿ ಧಾಮದ ವಿಷಯದಲ್ಲಿ, ಮುಖ್ಯ ವನ್ಯಜೀವಿ ಪರಿಪಾಲಕರೊಡನೆ ಸಮಾಲೋಚಿಸಿ ಕೆಲವು ಹಕ್ಕುಗಳನ್ನು ಮುಂದುವರಿಯಲು ಬಿಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ರಾಷ್ಟ್ರೀಯ ಉದ್ಯಾನಕ್ಕೆ ಆ ಅವಕಾಶ ಅನ್ವಯಿಸುವುದಿಲ್ಲ.

ಇಲ್ಲೊಂದು ಕೊರತೆಯನ್ನು ಗಮನಿಸಬೇಕು. ಈ ಪ್ರಕ್ರಿಯೆಯು ಜನರನ್ನು ಕೇಳುವುದು “ನಿಮಗೆ ಯಾವ ಹಕ್ಕಿದೆ” ಎಂದೇ ಹೊರತು “ಉದ್ಯಾನ ಬೇಕೆ” ಎಂದಲ್ಲ. ಹಕ್ಕಿನ ದಾಖಲೆಯಿಲ್ಲದೆ ತಲೆಮಾರುಗಳಿಂದ ಕಾಡನ್ನು ಬಳಸುತ್ತ ಬಂದವರಿಗೆ ಹೇಳಲು ಬಹಳಷ್ಟಿದ್ದರೂ ಸಲ್ಲಿಸಲು ಕಾಗದವಿರುವುದಿಲ್ಲ. ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು 2006ರ ಅರಣ್ಯ ಹಕ್ಕುಗಳ ಕಾಯ್ದೆ. ಅದು ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳೊಳಗಿನ ಅರಣ್ಯಭೂಮಿಗೂ ಅನ್ವಯಿಸುತ್ತದೆ. ಅದರ 4ನೇ ಸೆಕ್ಷನ್ನಿನ 2ನೇ ಉಪಸೆಕ್ಷನ್‌ ಪ್ರಕಾರ, ಹಕ್ಕುಗಳನ್ನು ಗುರುತಿಸುವ ಕೆಲಸ ಪೂರ್ಣಗೊಳ್ಳದೆ, ಜನರ ಇರುವಿಕೆಯಿಂದ ವನ್ಯಜೀವಿಗಳಿಗೆ ಸರಿಪಡಿಸಲಾಗದ ಹಾನಿಯಾಗುತ್ತದೆಂದೂ ಸಹಬಾಳ್ವೆಯಂಥ ಬೇರೆ ಮಾರ್ಗವಿಲ್ಲವೆಂದೂ ಸ್ಥಾಪಿತವಾಗದೆ, ಗ್ರಾಮಸಭೆಯು ಪುನರ್ವಸತಿಗೆ ಮುಕ್ತವಾದ ಲಿಖಿತ ಒಪ್ಪಿಗೆ ಕೊಡದೆ, ಯಾರನ್ನೂ ಸ್ಥಳಾಂತರಿಸುವಂತಿಲ್ಲ. ಒಪ್ಪಿಗೆ ಸಿಕ್ಕ ಮೇಲೂ ಹೊಸ ಜಾಗದಲ್ಲಿ ಭೂಮಿ ಮತ್ತು ಸೌಲಭ್ಯಗಳು ಸಿದ್ಧವಾಗುವವರೆಗೆ ಕಾಯಬೇಕು. ಆದರೆ ಈ ಒಪ್ಪಿಗೆಯ ಅಧಿಕಾರ ಸ್ಥಳಾಂತರದ ಹಂತಕ್ಕೆ ಸಂಬಂಧಿಸಿದ್ದು, ಉದ್ಯಾನದ ಘೋಷಣೆಯನ್ನೇ ತಡೆಯುವ ಅಧಿಕಾರವನ್ನು ಅದು ಗ್ರಾಮಸಭೆಗೆ ನೇರವಾಗಿ ಕೊಟ್ಟಿಲ್ಲ.

ಉದ್ಯಾನವನ್ನು ವಿರೋಧಿಸುವವರು ಪರಿಸರದ ವಿರೋಧಿಗಳೇ?

ಅಲ್ಲ. ಈ ಹಣೆಪಟ್ಟಿ ಹಚ್ಚುವುದರಿಂದ ಆಗಿರುವ ಹಾನಿ ದೊಡ್ಡದು. ವಿರೋಧದ ಮಾತುಗಳನ್ನು ತಾಳ್ಮೆಯಿಂದ ಕೇಳಿದರೆ ಅದರಲ್ಲಿ ಹೆಚ್ಚಿನವು ಕಾಡಿನ ಬಗ್ಗೆ ಇರುವುದಿಲ್ಲ, ಆಡಳಿತದ ಬಗ್ಗೆ ಇರುತ್ತವೆ. ಇದುವರೆಗೆ ನಾವೇ ನೋಡಿಕೊಳ್ಳುತ್ತಿದ್ದ ಜಾಗಕ್ಕೆ ಇನ್ನು ಮುಂದೆ ಯಾರ ಅನುಮತಿ ಬೇಕು, ಬೆಳೆಹಾನಿ ಆದರೆ ಪರಿಹಾರ ಎಷ್ಟು ತಡವಾಗಿ ಬರುತ್ತದೆ, ಮನೆಗೆ ಒಂದು ಕೋಣೆ ಸೇರಿಸಲು ಎಷ್ಟು ಕಚೇರಿ ಅಲೆಯಬೇಕು, ರಸ್ತೆ ಮತ್ತು ವಿದ್ಯುತ್ತಿನ ಕೆಲಸ ನಿಂತುಹೋಗುತ್ತದೆಯೇ, ಇಂಥವು ಅವರ ಆತಂಕಗಳು. ಇವು ಕಲ್ಪಿತ ಭಯಗಳಲ್ಲ, ಬೇರೆಡೆ ಆದದ್ದನ್ನು ಕಂಡು ಹುಟ್ಟಿದ ಭಯಗಳು. ಶ್ರೀಮಂತ ದೇಶಗಳಲ್ಲಿ ಇದೇ ಆತಂಕ ಬೇರೆ ರೂಪ ತಾಳುತ್ತದೆ: ಉದ್ಯಾನವೆಂಬ ಹೆಸರು ಬಂದ ಕೂಡಲೇ ಹೊರಗಿನವರು ರಜೆಯ ಮನೆಗಳನ್ನು ಕೊಳ್ಳತೊಡಗಿ, ಅಲ್ಲಿಯೇ ಹುಟ್ಟಿದ ಯುವಕರಿಗೆ ಮನೆ ಕೈಗೆಟುಕದಂತಾಗುತ್ತದೆ ಎಂಬುದು ಬ್ರಿಟನ್ನಿನ ಉದ್ಯಾನ ಪ್ರದೇಶಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ದೂರು.

ಹಾಗಾದರೆ ಬೆಂಬಲಿಸುವ ಸ್ಥಳೀಯರೂ ಇರುತ್ತಾರೆಯೇ?

ಖಂಡಿತ ಇರುತ್ತಾರೆ, ಮತ್ತು ಅವರನ್ನು ಹೊರಗಿನವರ ಕೈಗೊಂಬೆಗಳೆಂದು ತಳ್ಳಿಹಾಕುವುದೂ ಅಷ್ಟೇ ತಪ್ಪು. ಗಣಿಗಾರಿಕೆ, ಅಣೆಕಟ್ಟು, ಮರ ಕಡಿತಲೆ ಇವುಗಳ ಬೆದರಿಕೆ ಎದುರಿಸುತ್ತಿರುವ ಕಡೆ ಉದ್ಯಾನದ ಬೇಡಿಕೆ ಸ್ಥಳೀಯರಿಂದಲೇ ಏಳುವುದುಂಟು. ಅಲ್ಬೇನಿಯಾದ ವ್ಯೋಸಾ ನದಿಯ ಮೇಲೆ ಅಣೆಕಟ್ಟುಗಳನ್ನು ಕಟ್ಟುವ ಯೋಜನೆಗಳ ವಿರುದ್ಧ ದಡದ ಹಳ್ಳಿಗರು, ವಿಜ್ಞಾನಿಗಳು ಮತ್ತು ಪರಿಸರ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2023ರ ಮಾರ್ಚ್‌ನಲ್ಲಿ ಆ ನದಿ ರಾಷ್ಟ್ರೀಯ ಉದ್ಯಾನವಾಯಿತು. ಕೆನಡಾದ ಪಶ್ಚಿಮ ತೀರದ ಗ್ವಾಯ್ ಹಾನಸ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಹೈಡಾ ಜನರು 1985ರಲ್ಲಿ ಮರ ಸಾಗಿಸುವ ದಾರಿಗೆ ಅಡ್ಡ ನಿಂತು ಬಂಧನಕ್ಕೊಳಗಾದರು. ಇಂದು ಆ ಕಾಡು ಉಳಿದಿರುವುದು ಅವರಿಂದ. ಇಂಥ ಕಡೆ ಜನರಿಗೆ ಉದ್ಯಾನವು ಮೇಲಿನಿಂದ ಇಳಿದುಬಂದ ನಿರ್ಬಂಧವಾಗಿ ಕಾಣುವುದಿಲ್ಲ, ತಮ್ಮ ನೆಲವನ್ನು ಉಳಿಸಿಕೊಳ್ಳುವ ಸಾಧನವಾಗಿ ಕಾಣುತ್ತದೆ.

ಪ್ರವಾಸಿಗರಿಂದ ಬರುವ ಹಣದಲ್ಲಿ ಊರಿಗೆ ಪಾಲು ಸಿಗುತ್ತದೆಯೇ?

ಕಾನೂನಿನಲ್ಲಿ ಬರೆದಿದ್ದರೆ ಸಿಗುತ್ತದೆ, ಬರೀ ಬಾಯಿಮಾತಿನ ಭರವಸೆಯಿಂದ ಸಿಗುವುದಿಲ್ಲ. ನೇಪಾಳದ ಕಾನೂನು ಉದ್ಯಾನದ ಆದಾಯದ ಶೇ. 30ರಿಂದ 50ರವರೆಗಿನ ಭಾಗವನ್ನು ಅಂಚಿನ ವಲಯದ ಸಮುದಾಯಗಳ ಅಭಿವೃದ್ಧಿಗೆ ಖರ್ಚು ಮಾಡಲು ಅವಕಾಶ ಕೊಡುತ್ತದೆ. ಉಗಾಂಡದಲ್ಲಿ ಪ್ರವೇಶ ಶುಲ್ಕದ ಶೇ. 20ರಷ್ಟು ನೆರೆಯ ಸಮುದಾಯಗಳಿಗೆ ಸೇರಬೇಕು. ರುವಾಂಡ 2005ರಲ್ಲಿ ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇ. 5ನ್ನು ಮೀಸಲಿಟ್ಟು, 2017ರಲ್ಲಿ ಅದನ್ನು ಶೇ. 10ಕ್ಕೆ ಏರಿಸಿತು. ಆದರೂ ಎರಡು ಎಚ್ಚರಿಕೆಗಳು ಅಗತ್ಯ. ಇಂಥ ಹಣದಿಂದ ಶಾಲೆ, ಆಸ್ಪತ್ರೆ, ರಸ್ತೆ ಆಗಬಹುದು, ಆದರೆ ಆನೆ ತುಳಿದ ಗದ್ದೆಯ ಮಾಲೀಕನ ಆ ವರ್ಷದ ನಷ್ಟ ಅದರಿಂದ ತುಂಬುವುದಿಲ್ಲ. ನಷ್ಟ ಒಂದು ಮನೆಗೆ, ಲಾಭ ಇಡೀ ಊರಿಗೆ ಎಂಬ ಈ ವ್ಯತ್ಯಾಸವನ್ನು ಯೋಜನೆ ರೂಪಿಸುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಲ್ಲದೆ, ಎಲ್ಲ ಕಾಡುಗಳಿಗೂ ಪ್ರವಾಸಿಗರು ಬರುವುದಿಲ್ಲ, ಬಂದವರೆಲ್ಲರ ಹಣವೂ ಆ ಊರಿನಲ್ಲಿ ಉಳಿಯುವುದಿಲ್ಲ.

ಸಮೀಕ್ಷೆಯಲ್ಲಿ ಬಹುಮತ ಬಂದರೆ ತೀರ್ಮಾನಕ್ಕೆ ಅಷ್ಟು ಸಾಕೇ?

ಸಂಖ್ಯೆ ಮುಖ್ಯ, ಆದರೆ ಸಂಖ್ಯೆ ಹೇಗೆ ಬಂತು ಎಂಬುದು ಅದಕ್ಕಿಂತ ಮುಖ್ಯ. ಸ್ಕಾಟ್ಲೆಂಡಿನ ಗ್ಯಾಲೊವೇ ಪ್ರದೇಶವನ್ನು 2024ರ ಜುಲೈನಲ್ಲಿ ಹೊಸ ರಾಷ್ಟ್ರೀಯ ಉದ್ಯಾನಕ್ಕೆ ಆಯ್ಕೆ ಮಾಡಲಾಯಿತು. ಅದೇ ವರ್ಷದ ನವೆಂಬರ್‌ನಿಂದ 2025ರ ಫೆಬ್ರುವರಿಯವರೆಗೆ ಸಾರ್ವಜನಿಕ ಸಮಾಲೋಚನೆ ನಡೆದು, ಉತ್ತರಿಸಿದವರಲ್ಲಿ ಶೇ. 54 ಮಂದಿ ವಿರೋಧವನ್ನೂ ಶೇ. 42 ಮಂದಿ ಬೆಂಬಲವನ್ನೂ ಸೂಚಿಸಿದರು. 2025ರ ಮೇ ತಿಂಗಳಿನಲ್ಲಿ ಸರ್ಕಾರ ಪ್ರಸ್ತಾವವನ್ನು ಕೈಬಿಟ್ಟಿತು. ಜನರ ಮಾತಿಗೆ ತೂಕ ಸಿಕ್ಕಿತೆಂಬ ಕಾರಣಕ್ಕೆ ಇದು ಗೌರವಿಸಬೇಕಾದ ತೀರ್ಮಾನ. ಆದರೂ ಇಂಥ ಮುಕ್ತ ಸಮಾಲೋಚನೆಯಲ್ಲಿ ಉತ್ತರಿಸುವವರು ತಾವಾಗಿಯೇ ಮುಂದೆ ಬಂದವರು, ಅಂದರೆ ಬಲವಾದ ನಿಲುವುಳ್ಳವರು. ಇನ್ನೂ ನಿರ್ಧರಿಸದವರ, ಷರತ್ತಿನ ಮೇಲೆ ಒಪ್ಪುವವರ ಧ್ವನಿ ಅದರಲ್ಲಿ ಕಡಿಮೆ ಕೇಳಿಸುತ್ತದೆ.

ಸ್ವಿಟ್ಜರ್ಲೆಂಡ್ ಬೇರೊಂದು ದಾರಿ ಹಿಡಿದಿದೆ. ಅಲ್ಲಿ ಹೊಸ ರಾಷ್ಟ್ರೀಯ ಉದ್ಯಾನ ಬೇಕೆ ಬೇಡವೆ ಎಂಬುದನ್ನು ಅದರ ವ್ಯಾಪ್ತಿಯ ಪ್ರತಿಯೊಂದು ಸ್ಥಳೀಯ ಆಡಳಿತ ಘಟಕದ ಮತದಾರರೇ ನಿರ್ಧರಿಸುತ್ತಾರೆ. ಅಡೂಲಾ ಉದ್ಯಾನದ ಬಗ್ಗೆ 2016ರ ನವೆಂಬರ್‌ನಲ್ಲಿ 17 ಘಟಕಗಳು ಮತ ಚಲಾಯಿಸಿದವು. ಎಂಟು ಘಟಕಗಳು ತಿರಸ್ಕರಿಸಿದ್ದರಿಂದ, ಹೆಚ್ಚಿನವು ಒಪ್ಪಿದ್ದರೂ ಯೋಜನೆ ಬಿದ್ದುಹೋಯಿತು. 2018ರಲ್ಲಿ ಲೊಕಾರ್ನೊ ಪ್ರದೇಶದ ಯೋಜನೆಯೂ ಮತದಾನದಲ್ಲಿ ಸೋತಿತು. ಹೀಗಾಗಿ 1914ರಲ್ಲಿ ಸ್ಥಾಪಿತವಾದದ್ದೇ ಇಂದಿಗೂ ಆ ದೇಶದ ಏಕೈಕ ರಾಷ್ಟ್ರೀಯ ಉದ್ಯಾನವಾಗಿ ಉಳಿದಿದೆ. ಸಂರಕ್ಷಣೆ ಬಯಸುವವರಿಗೆ ಇದು ಬೇಸರದ ಸಂಗತಿಯೇ ಸರಿ. ಆದರೂ ಎರಡೇ ಉತ್ತರಗಳಿರುವ ಮತಪತ್ರದ ಮುಂದೆ ನಿಂತವನಿಗೆ “ಈ ಒಂದು ನಿಯಮ ಬದಲಿಸಿದರೆ ಒಪ್ಪುತ್ತೇನೆ” ಎಂದು ಹೇಳುವ ದಾರಿಯೇ ಇರುವುದಿಲ್ಲ ಎಂಬುದನ್ನೂ ಅವರು ನೆನಪಿಡಬೇಕು. ಮತದಾನಕ್ಕೆ ಮುಂಚಿನ ಮಾತುಕತೆಯಲ್ಲಿ ಆ ನಿಯಮ ಬದಲಾಗಿದ್ದರೆ ಮಾತ್ರ ಅಂಥವರ ಒಪ್ಪಿಗೆ ಸಿಗುತ್ತದೆ.

ಅಭಿಪ್ರಾಯವನ್ನು ಯಾವ ಹಂತದಲ್ಲಿ ಕೇಳಬೇಕು?

ನಕ್ಷೆಯ ಮೇಲೆ ಗಡಿ ಎಳೆಯುವುದಕ್ಕೆ ಮೊದಲು. ಗಡಿ, ವಲಯಗಳು, ನಿಷೇಧಗಳ ಪಟ್ಟಿ, ಆಡಳಿತ ಮಂಡಳಿ ಎಲ್ಲವನ್ನೂ ತೀರ್ಮಾನಿಸಿಕೊಂಡು ಆಮೇಲೆ ಸಭೆ ಕರೆದರೆ ಜನರ ಪಾಲಿಗೆ ಉಳಿಯುವುದು ಒಪ್ಪುವುದು ಅಥವಾ ಪ್ರತಿಭಟಿಸುವುದು ಮಾತ್ರ, ಮತ್ತು ಅನುಮಾನವಿದ್ದಾಗ ಜನ ಪ್ರತಿಭಟನೆಯನ್ನೇ ಆರಿಸಿಕೊಳ್ಳುತ್ತಾರೆ. ಮೊದಲೇ ಕೇಳಿದರೆ ಬೇರೆ ಬಗೆಯ ಮಾಹಿತಿ ಹೊರಬರುತ್ತದೆ: ಆನೆಗಳು ಯಾವ ಕಣಿವೆಯಿಂದ ಇಳಿಯುತ್ತವೆ, ಯಾವ ಹುಲ್ಲುಗಾವಲು ಮೇಯಿಸುವುದರಿಂದಲೇ ಹುಲ್ಲುಗಾವಲಾಗಿ ಉಳಿದಿದೆ, ಯಾವ ತೊರೆ ಬೇಸಿಗೆಯಲ್ಲಿ ಬತ್ತುತ್ತದೆ ಎಂಬುದೆಲ್ಲ ಅಲ್ಲಿಯವರಿಗೆ ಗೊತ್ತಿರುತ್ತದೆ, ಅದರಿಂದ ಗಡಿಯೂ ಸರಿಯಾಗುತ್ತದೆ. ಎರವಿಕುಲಂ, ಕುದುರೆಮುಖ, ಸೆರೆಂಗೆಟಿ, ಯಾವುದೇ ಆಗಲಿ, ಗಡಿಯಾಚೆಗೆ ಹೋಗುವ ಪ್ರಾಣಿಗಳಿಗೆ ಗಡಿಯಾಚೆಯ ಜನರ ಸಹಕಾರ ಬೇಕೇ ಬೇಕು.

ಇನ್ನೂ ಒಂದು ಮಾತು. ಕೇಳಿದ ಮೇಲೆ ಏನು ಬದಲಾಯಿತು ಎಂಬುದನ್ನು ಜನರಿಗೆ ಮರಳಿ ತಿಳಿಸಬೇಕು. ಯಾವ ಸಲಹೆಯನ್ನು ಒಪ್ಪಲಾಯಿತು, ಯಾವುದನ್ನು ಯಾವ ಕಾರಣಕ್ಕೆ ಬಿಡಲಾಯಿತು ಎಂಬ ಲಿಖಿತ ಉತ್ತರ ಬರದಿದ್ದರೆ ಮುಂದಿನ ಸಭೆಗೆ ಯಾರೂ ಬರುವುದಿಲ್ಲ.

ಒಮ್ಮೆ ಬೇಡವೆಂದ ಸಮುದಾಯ ಮುಂದೆ ಒಪ್ಪಿದ ಉದಾಹರಣೆಗಳಿವೆಯೇ?

ಇವೆ. ಕೆನಡಾದ ಗ್ರೇಟ್ ಸ್ಲೇವ್ ಸರೋವರದ ಪೂರ್ವ ತೋಳಿನಲ್ಲಿ ರಾಷ್ಟ್ರೀಯ ಉದ್ಯಾನ ಮಾಡುವ ಪ್ರಸ್ತಾವವನ್ನು 1970ರ ಸುಮಾರಿಗೆ ಸರ್ಕಾರ ಮುಂದಿಟ್ಟಾಗ, ಬೇಟೆ ಮತ್ತು ಮೀನುಗಾರಿಕೆಯ ಹಕ್ಕುಗಳನ್ನು ಕಳೆದುಕೊಳ್ಳುವ ಭಯದಿಂದ ಅಲ್ಲಿನ ಡೆನೆ ಮೂಲನಿವಾಸಿ ಸಮುದಾಯದ ಮುಖ್ಯಸ್ಥರು ನಿರಾಕರಿಸಿದರು. ವಜ್ರದ ಗಣಿಗಾರಿಕೆ ಆ ಭಾಗಕ್ಕೆ ಬಂದ ಮೇಲೆ ಸಮುದಾಯವೇ ಮಾತುಕತೆಯನ್ನು ಮತ್ತೆ ಆರಂಭಿಸಿತು. 2019ರ ಮತದಾನದಲ್ಲಿ ಸದಸ್ಯರ ದೊಡ್ಡ ಬಹುಮತ ಒಪ್ಪಿಗೆ ನೀಡಿ, ಅದೇ ವರ್ಷ ಥೈಡೆನೆ ನೆನೆ ಎಂಬ ಉದ್ಯಾನ ಸ್ಥಾಪನೆಯಾಯಿತು. ನೆಲ ಅದೇ, ಜನ ಅದೇ, ಬದಲಾದದ್ದು ಷರತ್ತುಗಳು: ಬೇಟೆ ಮತ್ತು ಮೀನುಗಾರಿಕೆಯ ಹಕ್ಕಿಗೆ ಖಾತ್ರಿ, ಆಡಳಿತದಲ್ಲಿ ಸಹಭಾಗಿತ್ವ, ಸಮುದಾಯದ ಕೈಯಲ್ಲಿರುವ ಒಂದು ದತ್ತಿನಿಧಿ.

ಅಮೆರಿಕದ ಗ್ರ್ಯಾಂಡ್ ಟೀಟನ್ ಉದ್ಯಾನದ ಕಥೆ ಇನ್ನೊಂದು ಬಗೆಯದು. ಸಿರಿವಂತ ದಾನಿ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅವರು ಉದ್ಯಾನಕ್ಕೆ ಕೊಡುವ ಉದ್ದೇಶವನ್ನು ಬಹಿರಂಗಪಡಿಸದೆ ಒಂದು ಕಂಪನಿಯ ಹೆಸರಿನಲ್ಲಿ ಅಲ್ಲಿನ ಕಣಿವೆಯ ರೈತರಿಂದ ಜಮೀನು ಕೊಂಡಿದ್ದರು. ಸತ್ಯ ಹೊರಬಿದ್ದಾಗ ಎದ್ದ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ. 1943ರಲ್ಲಿ ಅಧ್ಯಕ್ಷ ರೂಸ್ವೆಲ್ಟ್ ಆ ಕಣಿವೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ ಪಶುಪಾಲಕರು ಪ್ರತಿಭಟನೆಯಾಗಿ ನೂರಾರು ದನಗಳನ್ನು ಅದರ ಮೂಲಕವೇ ಹೊಡೆದುಕೊಂಡು ಹೋದರು. ಮೇಯಿಸುವ ಹಕ್ಕು ಮತ್ತು ಸ್ಥಳೀಯ ಆಡಳಿತಕ್ಕೆ ಆಗುವ ತೆರಿಗೆ ನಷ್ಟದ ಬಗ್ಗೆ ರಾಜಿಯಾದ ಮೇಲಷ್ಟೇ, 1950ರಲ್ಲಿ, ಕಣಿವೆಯ ಬಹುಭಾಗ ಉದ್ಯಾನಕ್ಕೆ ಸೇರಿತು. ಆ ಪ್ರತಿಭಟನೆಯಲ್ಲಿದ್ದ ಕ್ಲಿಫರ್ಡ್ ಹ್ಯಾನ್ಸೆನ್ ಮುಂದೆ ವಯೋಮಿಂಗ್ ರಾಜ್ಯದ ಗವರ್ನರ್ ಹಾಗೂ ಸೆನೆಟರ್ ಆದರು, ಮತ್ತು ತಮ್ಮ ವಿರೋಧ ಅಂದು ಸೋತದ್ದೇ ಒಳ್ಳೆಯದಾಯಿತೆಂದು ಬಹಿರಂಗವಾಗಿ ಹೇಳಿದರು. “ಜನ ಕೊನೆಗೆ ಒಪ್ಪಿಯೇ ಒಪ್ಪುತ್ತಾರೆ” ಎಂದು ಹೇಳಲು ಈ ಉದಾಹರಣೆಯನ್ನು ಬಳಸುವವರಿದ್ದಾರೆ. ಅವರು ನಡುವಿನ ರಾಜಿಯನ್ನು ಮರೆಯುತ್ತಾರೆ.

ಘೋಷಣೆಯಾದ ಮೇಲೆ ಸ್ಥಳೀಯರ ಪಾತ್ರ ಮುಗಿಯುತ್ತದೆಯೇ?

ಮುಗಿಯಬಾರದು. ಆಸ್ಟ್ರೇಲಿಯಾದ ಉಲುರು ಕಾಟಾ ಜುಟಾ ಪ್ರದೇಶದ ಒಡೆತನವನ್ನು 1985ರ ಅಕ್ಟೋಬರ್ 26ರಂದು ಅಲ್ಲಿನ ಮೂಲನಿವಾಸಿಗಳಾದ ಅನಾಂಗು ಜನರಿಗೆ ಮರಳಿಸಲಾಯಿತು. ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ಉದ್ಯಾನ ಆಡಳಿತಕ್ಕೆ ಕೊಟ್ಟರು, ಆಡಳಿತ ಮಂಡಳಿಯಲ್ಲಿ ಬಹುಮತವೂ ಅವರದ್ದೇ. ತಮಗೆ ಪವಿತ್ರವಾದ ಉಲುರು ಬಂಡೆಯನ್ನು ಪ್ರವಾಸಿಗರು ಹತ್ತುವುದನ್ನು ನಿಲ್ಲಿಸಬೇಕೆಂಬ ಅವರ ಬಹುಕಾಲದ ಕೋರಿಕೆ 2019ರ ಅಕ್ಟೋಬರ್ 26ರಂದು ಜಾರಿಗೆ ಬಂತು. ಗ್ವಾಯ್ ಹಾನಸ್‌ನಲ್ಲಿ 1993ರ ಒಪ್ಪಂದದಂತೆ ಹೈಡಾ ಪ್ರತಿನಿಧಿಗಳು ಮತ್ತು ಕೆನಡಾ ಸರ್ಕಾರದ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿ ಕುಳಿತು ನಿರ್ಧಾರ ಕೈಗೊಳ್ಳುತ್ತಾರೆ. ನೆಲದ ಒಡೆತನ ಯಾರದ್ದೆಂಬ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಇಬ್ಬರ ನಿಲುವನ್ನೂ ಅದೇ ಒಪ್ಪಂದದಲ್ಲಿ ಬರೆದಿರುವುದು ಅದರ ವಿಶೇಷ. ಸಲಹಾ ಸಮಿತಿಯಲ್ಲಿ ಒಂದೆರಡು ಸ್ಥಾನ ಕೊಡುವುದಕ್ಕೂ ಮತದ ಅಧಿಕಾರ ಕೊಡುವುದಕ್ಕೂ ಬಹಳ ಅಂತರವಿದೆ.

ರಾಷ್ಟ್ರೀಯ ಉದ್ಯಾನವಲ್ಲದೆ ಬೇರೆ ಮಾರ್ಗಗಳಿವೆಯೇ?

ಇವೆ, ಮತ್ತು ಅವನ್ನು ಜನರ ಮುಂದಿಡುವುದು ಪ್ರಸ್ತಾವ ತರುವವರ ಕರ್ತವ್ಯ. ನೇಪಾಳದ ಅನ್ನಪೂರ್ಣ ಸಂರಕ್ಷಣಾ ಪ್ರದೇಶವು 1986ರಿಂದ ಹಳ್ಳಿಗಳನ್ನು ಒಳಗೊಂಡೇ ನಡೆದುಕೊಂಡು ಬಂದಿದೆ. ಭಾರತದ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯು ಸಂರಕ್ಷಣಾ ಮೀಸಲು ಮತ್ತು ಸಮುದಾಯ ಮೀಸಲು ಎಂಬ ಎರಡು ಹೊಸ ವರ್ಗಗಳನ್ನು ಸೇರಿಸಿತು. ಮೊದಲನೆಯದನ್ನು ಸ್ಥಳೀಯ ಸಮುದಾಯಗಳೊಡನೆ ಸಮಾಲೋಚಿಸಿದ ನಂತರವೇ ಸರ್ಕಾರಿ ಭೂಮಿಯಲ್ಲಿ ಘೋಷಿಸಬೇಕು. ಎರಡನೆಯದು ಸಮುದಾಯ ಅಥವಾ ವ್ಯಕ್ತಿ ತಾನಾಗಿಯೇ ಮುಂದೆ ಬಂದಾಗ ಖಾಸಗಿ ಅಥವಾ ಸಾಮುದಾಯಿಕ ಭೂಮಿಯಲ್ಲಿ ಆಗುವಂಥದ್ದು. ಮನುಷ್ಯರ ಹಸ್ತಕ್ಷೇಪವನ್ನು ತಾಳಲಾರದ ತಾಣಗಳಿಗೆ ಕಠಿಣ ರಕ್ಷಣೆ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಹಾಗಲ್ಲದ ಕಡೆಗಳಿಗೂ ಅದೇ ಕಠಿಣ ವರ್ಗವನ್ನು ಹೇರಿದರೆ, ರಕ್ಷಣೆಗೆ ಜೊತೆಯಾಗಬೇಕಾದವರೇ ಎದುರು ನಿಲ್ಲುತ್ತಾರೆ.

ಪ್ರಸ್ತಾವದ ಬಗ್ಗೆ ಅಹವಾಲು ಬರೆಯುವಾಗ ಏನನ್ನು ಸೇರಿಸಬೇಕು?

“ಬೇಕು” ಅಥವಾ “ಬೇಡ” ಎಂಬ ಒಂದೇ ಮಾತಿಗೆ ನಿಲ್ಲಿಸಬೇಡಿ. ನೀವು ಆ ಜಾಗವನ್ನು ಯಾವ ಕೆಲಸಕ್ಕೆ, ವರ್ಷದ ಯಾವ ತಿಂಗಳುಗಳಲ್ಲಿ ಬಳಸುತ್ತೀರಿ, ಎಷ್ಟು ತಲೆಮಾರುಗಳಿಂದ ಬಳಸುತ್ತಿದ್ದೀರಿ, ಪ್ರಸ್ತಾವದ ಯಾವ ಅಂಶ ನಿಮಗೆ ಅಡ್ಡಿಯಾಗುತ್ತದೆ, ಅದು ಹೇಗೆ ಬದಲಾದರೆ ನಿಮಗೆ ಒಪ್ಪಿಗೆ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಗಡಿಯ ಬಗ್ಗೆ ತಕರಾರಿದ್ದರೆ ಹಳ್ಳ, ಗುಡ್ಡ, ಸರ್ವೆ ನಂಬರ್ ಹೆಸರಿಸಿ. ದಾಖಲೆಗಳಿದ್ದರೆ ಪ್ರತಿ ಲಗತ್ತಿಸಿ, ಇಲ್ಲದಿದ್ದರೆ ಹಿರಿಯರ ಹೇಳಿಕೆಯನ್ನು ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ಅರಣ್ಯ ಹಕ್ಕುಗಳ ನಿಯಮಗಳು ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷ್ಯವಾಗಿ ಪರಿಗಣಿಸುತ್ತವೆ. ಗ್ರಾಮಸಭೆಯಲ್ಲಿ ಚರ್ಚೆಯಾಗಿದ್ದರೆ ನಡವಳಿಯ ಪ್ರತಿಯನ್ನು ಜೊತೆಗಿಡಿ. ಅಹವಾಲನ್ನು ಕೊನೆಯ ದಿನದವರೆಗೆ ಕಾಯದೆ ಸಲ್ಲಿಸಿ, ತಲುಪಿದ್ದಕ್ಕೆ ದಿನಾಂಕ ಸಹಿತ ಸ್ವೀಕೃತಿ ಪಡೆದು ಒಂದು ಪ್ರತಿಯನ್ನು ಊರಿನಲ್ಲಿಯೇ ಕಾಯ್ದಿಡಿ.